ಪಕ್ಕದ ಸೀಟಿನ ಬ್ರೇಕು

ಹಾಲು ಉಕ್ಕಿ, ಒಲೆಯ ಮೇಲೆಲ್ಲ ಹರಿದು, ಸೀದು ಕರಿಯಾಗಿ, ಅದರ ವಾಸನೆ ಮನೆಯ ಮೂಲೆಮೂಲೆಗೂ ಹೊಕ್ಕಿದ್ದು ಅವನಿಗೆ ತಿಳಿದದ್ದು ಮಗಳು ಕೂಗಿಕೊಂಡ ಮೇಲೆ. ಅವನು ಒಲೆಗೆ ಬೆನ್ನು ಹಾಕಿ, ಅಡುಗೆಮನೆಯ ಕಿಟಕಿಗಾಜಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತ ನಿಂತಿದ್ದ. ಇವತ್ತು ಬೆಳಿಗ್ಗೆ ವಿಮಾ ಕಂಪನಿಯ ಕಚೇರಿಗೆ ಹೋಗಬೇಕು. ಗಡ್ಡ ಬೋಳಿಸಿಕೊಂಡು ಹೋದರೆ ಗಾಯಾಳುವಿನ ಕಳೆ ಇರುವುದಿಲ್ಲ, ಬೋಳಿಸದೆ ಹೋದರೆ ಸರ್ಕಾರಿ ನೌಕರನ ಮರ್ಯಾದೆ ಇರುವುದಿಲ್ಲ. ಈ ಧರ್ಮಸಂಕಟದಲ್ಲಿ ಎದ್ದಾಗಿನಿಂದ ಮುಳುಗಿದ್ದ. “ಅಪ್ಪಾ, ಏನಪ್ಪಾ ಇದು, ಪಕ್ಕದಲ್ಲೇ ನಿಂತಿದೀಯ, ನಿನ್ನ ಮೂಗೇನು...” ಎಂದು ಶುರುಮಾಡಿದ ಮಗಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು. ಅಪಘಾತವಾದ ಮೇಲೆ ಆ ಮನೆಯಲ್ಲಿ ಎರಡು ಮಾತು ಯಾರ ಬಾಯಲ್ಲೂ ಪೂರ್ತಿಯಾಗಿ ಬರುತ್ತಿರಲಿಲ್ಲ. ಒಂದು ಮೂಗು, ಇನ್ನೊಂದು ಬ್ರೇಕು. ಮೂಗಿನ ಮಾತೆತ್ತದಿರುವುದು ಅವನ ಮೇಲಿನ ಕನಿಕರಕ್ಕೆ. ಬ್ರೇಕಿನ ಮಾತೆತ್ತದಿರುವುದು ಯಾರ ಮೇಲಿನ ಕನಿಕರಕ್ಕೆ ಎಂಬುದು ಅವನಿಗೂ ಹೆಂಡತಿಗೂ ಮಾತ್ರ ಗೊತ್ತಿತ್ತು. ಹೆಂಡತಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಿತ್ತು. ತನಗೆ ಅದು ಗೊತ್ತಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲವೆಂದು ಅವನು ನಂಬಿಕೊಂಡಿದ್ದ. ನಂಬಿಕೆ ಎಂಥ ಅನುಕೂಲದ ವಸ್ತು ನೋಡಿ! ಹೆಂಡತಿ ಬಂದಳು, ಒಲೆ ಆರಿಸಿದಳು, ಕಿಟಕಿ ತೆಗೆದಳು, “ಹೋಗ್ಲಿ ಬಿಡಿ, ನಾನೇ ಉರಿ ಸಣ್ಣ ಮಾಡಿ ಹೋಗ್ಬೇಕಿತ್ತು” ಎಂದು ಬಟ್ಟೆ ತೆಗೆದುಕೊಂಡು ಒರೆಸತೊಡಗಿದಳು. ಹಾಲು ಉಕ್ಕಿದ್ದೂ ಅವಳ ತಪ್ಪೇ ಆಯಿತು. ಅವನು ಗಡ್ಡ ಬೋಳಿಸಿಕೊಳ್ಳಲು ಹೋದ.

ವಿಷಯ ಇಷ್ಟೇ. ಅವನ ಹೆಂಡತಿ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುವವಳು. ಶಾಲೆ ಅವಳ ಅಣ್ಣನದು. ಕಲಿಸುವ ಕಾರಿಗೆ ಬೇರೆ ಕಾರುಗಳಿಗಿಲ್ಲದ ಒಂದು ಅಂಗ ಹೆಚ್ಚಿಗೆ ಇರುತ್ತದೆ: ಪಕ್ಕದ ಸೀಟಿನ ಕಾಲಬಳಿ ಇನ್ನೊಂದು ಬ್ರೇಕು. ಕಲಿಯುವವರು ಗಾಬರಿಬಿದ್ದು ನುಗ್ಗಿಸಿದಾಗ, ಪಕ್ಕದಲ್ಲಿ ಕೂತ ಕಲಿಸುವವಳು ಅದನ್ನು ಒತ್ತುತ್ತಾಳೆ, ಕಾರು ನಿಲ್ಲುತ್ತದೆ, ಕಲಿಯುವವರು ತಾವೇ ನಿಲ್ಲಿಸಿದೆವೆಂದುಕೊಂಡು ಬೀಗುತ್ತಾರೆ. ಆ ಸಂಜೆ ಕೊನೆಯ ವಿದ್ಯಾರ್ಥಿಯನ್ನು ಇಳಿಸಿ, ಅದೇ ಕಾರಿನಲ್ಲಿ ಅವನ ಕಚೇರಿಯ ಮುಂದೆ ಬಂದು ನಿಂತಳು. ಅವಳು ಓಡಿಸಿದಳು, ಅವನು ಪಕ್ಕದಲ್ಲಿ, ಅಂದರೆ ಹಗಲೆಲ್ಲ ಅವಳು ಕೂರುವ ಜಾಗದಲ್ಲಿ, ಕೂತ. ಅವನಿಗೆ ಕಾರು ಓಡಿಸಲು ಬರುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಕಲಿಸುತ್ತೇನೆಂದಿದ್ದಳು, ಹೆಂಡತಿಯ ಹತ್ತಿರ ಪಾಠ ಹೇಳಿಸಿಕೊಳ್ಳುವಷ್ಟು ಗತಿಗೆಟ್ಟಿಲ್ಲ ಎಂದು ಅವನು ನಕ್ಕುಬಿಟ್ಟಿದ್ದ. ಆದರೆ ಓಡಿಸಲು ಬಾರದವರಿಗೆ ಓಡಿಸುವುದು ಹೇಗೆಂದು ಹೇಳಲು ಬಾರದೆ? “ನೋಡಿಕೊಂಡು... ಆ ಕಡೆ ಸೈಕಲ್ಲು... ನಿಧಾನ, ನಿಧಾನ... ಏನು ಅಷ್ಟು ಅವಸರ?” ಯಾರ ಕಾರಿನಲ್ಲಿ ಕೂತರೂ ಅವನ ಬಾಯಿ ಹೀಗೆ ಓಡುತ್ತಿತ್ತು, ಬಲಗಾಲು ತಂತಾನೇ ನೆಲವನ್ನು ಒತ್ತುತ್ತಿತ್ತು. ಬೇರೆ ಕಾರುಗಳಲ್ಲಿ ಆ ಕಾಲಿನ ಕೆಳಗೆ ರಬ್ಬರಿನ ಹಾಸು ಬಿಟ್ಟರೆ ಬೇರೇನೂ ಇರುವುದಿಲ್ಲವಾದ್ದರಿಂದ ಇಷ್ಟು ವರ್ಷ ಜಗತ್ತು ಬದುಕಿಕೊಂಡಿತ್ತು. ನಾಲ್ಕು ರಸ್ತೆ ಸೇರುವಲ್ಲಿ ಅವಳು ಹಳದಿ ದೀಪದಲ್ಲಿ, ಅಳೆದು ತೂಗಿ, ದಾಟಿಹೋಗುವ ವೇಗದಲ್ಲೇ ನುಗ್ಗಿದಳು. ಅತ್ತಲಿಂದ ಹಾಸಿಗೆಗಳನ್ನು ಹೇರಿಕೊಂಡ ವ್ಯಾನೊಂದು ಹಸಿರು ಬರುವ ಮುಂಚೆಯೇ ಹೊರಟಿತ್ತು. ಅವಳು ಹಾಗೇ ಹೋಗಿದ್ದರೆ ವ್ಯಾನು ಬೆನ್ನ ಹಿಂದೆ ಬಂದುಹೋಗುತ್ತಿತ್ತು, ಒಂದು ಬೈಗುಳದಲ್ಲಿ ಎಲ್ಲ ಮುಗಿಯುತ್ತಿತ್ತು. ಅವನ ಕಾಲು ಒತ್ತಿತು. ಕಾರು ರಸ್ತೆಯ ನಟ್ಟನಡುವೆ ಹೊಸ್ತಿಲು ತುಳಿದ ಕರುವಿನ ಹಾಗೆ ಗಕ್ಕನೆ ನಿಂತಿತು. ಎರಡು ಬ್ರೇಕಿಗೂ ಕೆಳಗೆ ಒಂದೇ ಸರಳು. ಇಲ್ಲಿ ಒತ್ತಿದರೆ ಅಲ್ಲಿಯದೂ ಇಳಿಯುತ್ತದೆ. ತಾನು ಮುಟ್ಟದೆಯೇ ತನ್ನ ಬ್ರೇಕು ಕೆಳಗಿಳಿದದ್ದು ಅವಳಿಗೆ ಗೊತ್ತಾಯಿತು. ಅವಳು ತಿರುಗಿ ಅವನ ಮುಖವನ್ನೂ ನೋಡಲಿಲ್ಲ, ವ್ಯಾನನ್ನೂ ನೋಡಲಿಲ್ಲ, ಅವನ ಬಲಗಾಲನ್ನು ನೋಡಿದಳು. ಆಮೇಲೆ ವ್ಯಾನು ಬಂತು.

ಹಾಸಿಗೆಗಳು ರಸ್ತೆಯ ತುಂಬ ಬಿದ್ದವು, ಅವುಗಳ ಮೇಲೆ ಬೀಳಬೇಕಾದವರು ಯಾರೂ ಬೀಳಲಿಲ್ಲ. ವ್ಯಾನಿನವನ ಕಾಲು ಮುರಿಯಿತು. ಅವಳಿಗೆ ಒಂದು ತರಚು ಗಾಯವೂ ಆಗಲಿಲ್ಲ. ಅವನ ತಲೆ ಪಕ್ಕದ ಗಾಜಿಗೆ ಬಡಿಯಿತು, ಒಂದಷ್ಟು ರಕ್ತ, ಒಂದಷ್ಟು ಹೊಲಿಗೆ, ಆಸ್ಪತ್ರೆಯಲ್ಲಿ ನಾಲ್ಕು ದಿನ. ಐದನೆಯ ದಿನ ಮನೆಗೆ ಬಂದು ಕಾಫಿ ಕುಡಿದು, “ಇದೇನು ಬಿಸಿನೀರು ಕೊಟ್ಟಿದ್ದೀಯ” ಎಂದು ಹೆಂಡತಿಯ ಮೇಲೆ ರೇಗಿದಾಗಲೇ ಮೂಗು ಹೋಗಿದೆಯೆಂದು ತಿಳಿದದ್ದು. ಮೂಗು ಇದ್ದ ಜಾಗದಲ್ಲೇ ಇತ್ತು, ನೆಟ್ಟಗೇ ಇತ್ತು, ಒಂದು ಗೀರೂ ಇರಲಿಲ್ಲ. ಒಳಗಿನ ಯಾವುದೋ ನರ ಕಡಿದುಹೋಗಿ ವಾಸನೆ ಎಂಬುದೇ ಲೋಕದಿಂದ ಎದ್ದುಹೋಗಿತ್ತು. ಕೈಯೋ ಕಾಲೋ ಹೋಗಿದ್ದರೆ ಜನ ಬಸ್ಸಿನಲ್ಲಿ ಎದ್ದು ಸೀಟು ಕೊಡುತ್ತಿದ್ದರು. ವಾಸನೆ ಹೋದವನಿಗೆ ಏನು ಕೊಡುತ್ತಾರೆ? “ಒಳ್ಳೇದೇ ಆಯ್ತಲ್ಲ, ನಮ್ಮ ಕಚೇರಿ ಕಕ್ಕಸಿಗೆ ಇನ್ನು ಧೈರ್ಯವಾಗಿ ಹೋಗ್ಬಹುದು” ಎಂದು ಸಹೋದ್ಯೋಗಿ ನಕ್ಕಿದ್ದ. ಅವನೂ ಜೊತೆಗೆ ನಕ್ಕು, ಮನೆಗೆ ಬಂದು, ಮಗಳ ಒಗೆಯದ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಕೂತಿದ್ದ. ಬಟ್ಟೆ, ಬರೀ ಬಟ್ಟೆ. ಹೆಂಡತಿ ಮಲಗಿದ ದಿಂಬೂ ಅಷ್ಟೇ. ಇದು ನಿಜವಾದ ದುಃಖವಾಗಿತ್ತು, ಆದರೆ ಅವನಿಗೆ ನಿಜವಾದದ್ದನ್ನು ಇದ್ದ ಹಾಗೆ ಇಟ್ಟುಕೊಂಡು ಅಭ್ಯಾಸವಿರಲಿಲ್ಲ.

ಅಭ್ಯಾಸವಾದರೂ ಹೇಗೆ ಇದ್ದೀತು? ಅವನ ಕೆಲಸ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ನೀರು ಬರಲಿಲ್ಲ ಎಂದು ದೂರು ಬಂದರೆ ಪೈಪಿನ ವಿಭಾಗಕ್ಕೆ, ಪೈಪು ಒಡೆದಿದೆ ಎಂದರೆ ರಸ್ತೆಯ ವಿಭಾಗಕ್ಕೆ, ರಸ್ತೆಯವರು ವಾಪಸು ಕಳಿಸಿದರೆ ದೂರುದಾರನಿಗೇ. ಬಂದದ್ದು ಯಾವುದೂ ತನ್ನ ಮೇಜಿನ ಮೇಲೆ ರಾತ್ರಿ ಕಳೆಯದಂತೆ ನೋಡಿಕೊಳ್ಳುವುದರಲ್ಲಿ ಅವನಷ್ಟು ನಿಷ್ಣಾತ ಇಡೀ ಇಲಾಖೆಯಲ್ಲಿ ಇರಲಿಲ್ಲ. ಹಾಗಾಗಿ ಆಸ್ಪತ್ರೆಯ ಮಂಚದ ಮೇಲೆ ಪೊಲೀಸಿನವನು ಹೇಳಿಕೆ ಕೇಳಿದಾಗ, ಯಾರೂ ಹೇಳಿಕೊಡದೆಯೇ, “ನಾನು ಕಾಲು ಮಡಚಿಕೊಂಡು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ, ಏನಾಯಿತೋ ಗೊತ್ತಾಗಲಿಲ್ಲ” ಎಂದುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕುಂಬಳಕಾಯಿ ಎಂದು ಯಾರೂ ಅಂದೇ ಇರಲಿಲ್ಲ. ಪೊಲೀಸಿನವನು ಬರೆದುಕೊಂಡು, “ಹೌದು, ನಿಮ್ಮ ಮನೆಯವರೂ ಅದನ್ನೇ ಹೇಳಿದಾರೆ. ಅವರೇ ಗಾಬರಿಯಾಗಿ ಬ್ರೇಕ್ ಹಾಕಿಬಿಟ್ಟರಂತೆ” ಎಂದ. ಅವಳು ಇದನ್ನು ಹೇಳಿದ್ದು ರಸ್ತೆಯ ಮೇಲೆ, ಹಾಸಿಗೆಗಳ ನಡುವೆ ನಿಂತು, ಅವನನ್ನು ಇನ್ನೂ ಆಂಬುಲೆನ್ಸಿಗೆ ಏರಿಸುತ್ತಿರುವಾಗ. ನಾಲ್ಕು ರಸ್ತೆ ಕೂಡುವಲ್ಲಿ ನಡುವೆ ಎಂದೂ ನಿಲ್ಲಬಾರದು, ಇದು ಮೊದಲ ವಾರದ ಪಾಠ. ಅದನ್ನು ಹೇಳಿಕೊಡುವವಳೇ ಗಾಬರಿಯಾಗಿ ಅಲ್ಲಿ ನಿಲ್ಲಿಸಿದಳು ಎಂಬುದು ಊರೆಲ್ಲ ಹಬ್ಬಲು ಎಷ್ಟು ಹೊತ್ತು? ಈಜು ಕಲಿಸುವವನು ಬಚ್ಚಲಲ್ಲಿ ಮುಳುಗಿದನಂತೆ ಎಂದು ಯಾರೋ ನಕ್ಕರಂತೆ. ಅವಳ ಹತ್ತಿರ ಕಲಿಯಲು ಸೇರಿದ್ದ ಹೆಣ್ಣುಮಕ್ಕಳಲ್ಲಿ ಮುಕ್ಕಾಲು ಪಾಲು ಬೇರೆ ಶಾಲೆಗೆ ಹೋದರು. ಅಣ್ಣ ತಂಗಿಯ ಕೈಯಿಂದ ಕಾರಿನ ಕೀಲಿ ತೆಗೆದುಕೊಂಡು, “ಕಂಪನಿಯವರು ತಪ್ಪು ಯಾರದು ಅಂತ ತೀರ್ಮಾನ ಮಾಡ್ಲಿ, ಆಮೇಲೆ ನೋಡೋಣ ಕಣಮ್ಮ” ಎಂದು ಫೋನಿನ ಮುಂದೆ ಕೂರಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮೂರು ತಿಂಗಳಿಂದ ಅವಳು ಬೆಳಗಿನಿಂದ ಸಂಜೆಯವರೆಗೆ ಫೋನೆತ್ತಿ, ಬೇರೆಯವರು ಯಾವ ಹೊತ್ತಿಗೆ ಕಲಿಸುತ್ತಾರೆಂದು ಹೇಳುತ್ತಿದ್ದಳು. ಎತ್ತು ಮಾತ್ರ ಮೂಗಿಗೆ ಪರಿಹಾರ ಕೇಳಿ ಅರ್ಜಿ ಹಾಕಿಕೊಂಡಿತ್ತು.

ವಿಮಾ ಕಚೇರಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಅವಳು ಕಿಟಕಿಯ ಕಡೆ. ಬಸ್ಸಿನವನು ತಿರುವಿನಲ್ಲಿ ಗೇರು ಬದಲಿಸದೆ ಎಳೆದಾಡುವಾಗ ಅವಳ ಎಡಗಾಲಿನ ಬೆರಳುಗಳು ಚಪ್ಪಲಿಯೊಳಗೆ ಸಣ್ಣಗೆ ಮುದುಡುತ್ತಿದ್ದವು. ಅವಳಿಗೆ ಓಡಿಸುವುದೆಂದರೆ ಪ್ರಾಣ ಎಂಬುದನ್ನು ಅವನು ಇಷ್ಟು ವರ್ಷ ಒಂದು ಬಗೆಯ ಕಾಯಿಲೆಯೆಂದೇ ತಿಳಿದಿದ್ದ. ಒಮ್ಮೆ ಗಂಡ ತೀರಿಕೊಂಡ ಹೆಂಗಸೊಬ್ಬಳು, ಐವತ್ತು ದಾಟಿದವಳು, ಕಲಿಯಲು ಬಂದಿದ್ದಳಂತೆ. ಕೈ ನಡುಗಿ ಸ್ಟೀರಿಂಗೇ ಹಿಡಿಯಲಾಗದವಳು ಕೊನೆಗೊಂದು ದಿನ ಒಬ್ಬಳೇ ಮೈದಾನದ ಸುತ್ತ ಬಂದು ಇಳಿದು, ಇವಳನ್ನು ತಬ್ಬಿಕೊಂಡು ಅತ್ತಳಂತೆ. ಅದನ್ನು ಹೇಳುವಾಗ ಹೆಂಡತಿಯ ಕಣ್ಣೂ ತುಂಬಿತ್ತು. ಅವನು ಆಗ ಪೇಪರು ಓದುತ್ತ “ಹೂಂ” ಎಂದಿದ್ದ. ಈಗ ಹೇಳಿಬಿಡಬೇಕು, ಈ ಬಸ್ಸಿನಲ್ಲೇ, ಮುಂದಿನ ನಿಲ್ದಾಣ ಬರುವುದರೊಳಗೆ: ಅವತ್ತು ಒತ್ತಿದ್ದು ನಾನು ಕಣೇ. ನಾಲ್ಕು ಮಾತು. ನಿಲ್ದಾಣ ಬಂತು, ಹೋಯಿತು. ಮುಂದಿನ ನಿಲ್ದಾಣವೂ ಬಂತು. ಹಿಂದಿನ ಸೀಟಿನವನು ಕೇಳಿಸಿಕೊಂಡರೆ? ಹೇಳಿದ ಮೇಲೆ ಅವಳು ಅತ್ತರೆ? ಅಳದೆ, ಗೊತ್ತು ಬಿಡಿ ಎಂದುಬಿಟ್ಟರೆ? ಅದು ಇನ್ನೂ ಕಷ್ಟ. “ಚಿಲ್ಲರೆ ಇದೆಯಾ?” ಎಂದು ಕೇಳಿದ. ಅವಳು ಕೈಚೀಲ ತೆಗೆದು ಟಿಕೆಟ್ಟಿಗೆ ಕೊಟ್ಟಳು. ಅವನ ಬಲಗಾಲು ಬಸ್ಸಿನ ನೆಲವನ್ನು ಒತ್ತುತ್ತಿತ್ತು.

ಹಿಂದೆ ಮೂಗಿನ ಡಾಕ್ಟರ ಹತ್ತಿರವೂ ಹೀಗೇ ಆಗಿತ್ತಲ್ಲ. ಕಂಪನಿಯವರೇ ಕಳಿಸಿದ ಡಾಕ್ಟರು, ಬಿಳಿ ಕೋಟಿನ ಸಣಕಲ ಹೆಂಗಸು, ಮೇಜಿನ ಮೇಲೆ ಪುಟ್ಟ ಪುಟ್ಟ ಸೀಸೆಗಳನ್ನು ಸಾಲಾಗಿಟ್ಟು ಒಂದೊಂದನ್ನೇ ಅವನ ಮೂಗಿನ ಕೆಳಗೆ ಹಿಡಿಯುತ್ತ ಬಂದಳು. ನಿಂಬೆ, ಇಲ್ಲ. ಲವಂಗ, ಇಲ್ಲ. ಸೋಪು, ಇಲ್ಲ. ಪ್ರತಿ ‘ಇಲ್ಲ’ವೂ ಅಪ್ಪಟ ಸತ್ಯ. ಜೀವನದಲ್ಲಿ ಒಂದೇ ಸಮನೆ ಇಷ್ಟು ಸತ್ಯ ಅವನು ಯಾವತ್ತೂ ನುಡಿದಿರಲಿಲ್ಲ. ಕೊನೆಯ ಸೀಸೆಯ ಮುಚ್ಚಳ ತೆಗೆದ ಕೂಡಲೇ ಮೂಗಿನೊಳಗೆ ಬೆಂಕಿ ಇಟ್ಟ ಹಾಗಾಗಿ, ತಲೆ ಹಿಂದಕ್ಕೆ ಹೋಗಿ, ಎರಡೂ ಕಣ್ಣಿನಿಂದ ಧಾರಾಕಾರವಾಗಿ ನೀರು ಸುರಿಯಿತು. “ಏನಾದ್ರೂ ಗೊತ್ತಾಯ್ತಾ?” ಎಂದಳು. ಇಷ್ಟು ಹೊತ್ತು ಕಟ್ಟಿದ ಕೇಸನ್ನು ಒಂದು ಸೀಸೆಗೆ ಬಲಿಕೊಡುವುದೇ? “ಏನೂ ಇಲ್ಲ ಡಾಕ್ಟ್ರೇ” ಎಂದ, ಕೆನ್ನೆ ಒರೆಸಿಕೊಳ್ಳುತ್ತ. “ಏನೂ ಅಂದ್ರೆ ಏನೂ ಇಲ್ವಾ? ಉರಿ ಕೂಡ?” “ಉರಿಯೂ ಇಲ್ಲ.” ಅವಳು ಒಂದು ಗಳಿಗೆ ಅವನನ್ನೇ ನೋಡಿ, ಏನೋ ಬರೆದುಕೊಂಡಳು. ಅದು ಅಮೋನಿಯವಂತೆ. ವಾಸನೆಯ ನರ ಸತ್ತವನಿಗೂ ಅದರ ಘಾಟು ಚುಚ್ಚಿಯೇ ಚುಚ್ಚುತ್ತದೆಯಂತೆ, ಅದು ಬೇರೆ ನರದ ಕೆಲಸವಂತೆ. ಅದೂ ಗೊತ್ತಾಗಲಿಲ್ಲ ಎನ್ನುವವರು ನಾಟಕದವರು ಎಂದು ಡಾಕ್ಟರುಗಳಿಗೆ ಗೊತ್ತಂತೆ. ಇದನ್ನು ಆಮೇಲೆ, ಪರಿಹಾರದ ಅರ್ಜಿಗೆಂದು ಗೊತ್ತುಮಾಡಿಕೊಂಡ ವಕೀಲ ಹಣೆ ಚಚ್ಚಿಕೊಂಡು ಹೇಳಿದ: “ಅಲ್ಲ ಸರ್, ನಿಮ್ಮ ಮೂಗು ನಿಜವಾಗ್ಲೂ ಹೋಗಿದೆ. ನಿಜವಾಗಿ ಹೋಗಿರೋ ಮೂಗಿಗೆ ಸುಳ್ಳು ಯಾಕೆ ಸೇರಿಸೋಕ್ಕೆ ಹೋದ್ರಿ?”

ವಕೀಲ ಕಂಪನಿಯ ಮೂರನೆಯ ಮಹಡಿಯ ಮೊಗಸಾಲೆಯಲ್ಲಿ, ನೀರಿನ ಕ್ಯಾನಿನ ಪಕ್ಕದಲ್ಲಿ ಕಾಯುತ್ತಿದ್ದ. ದುಂಡಗಿನ, ಸದಾ ಬೆವರುವ, ಸದಾ ಖುಷಿಯಾಗಿರುವ ಆಸಾಮಿ. ಬೇರೆಯವರ ಮೂಳೆ ಮುರಿದಷ್ಟೂ ಹಸನ್ಮುಖಿಯಾಗುವ ಕಸುಬು. ಹೆಂಡತಿಯ ಅಣ್ಣನೂ ಬಂದಿದ್ದ, ಕಾರಿನ ಮಾಲೀಕನಾಗಿ, ಇಸ್ತ್ರಿ ಅಂಗಿಯಲ್ಲಿ, ಮದುವೆಗೆ ಬಂದು ಊಟಕ್ಕೆ ಕೂರದ ಮುಖ ಹಾಕಿಕೊಂಡು. “ಕೇಳಿ,” ವಕೀಲ ಮೂವರನ್ನೂ ಹತ್ತಿರ ಕರೆದು ದನಿ ತಗ್ಗಿಸಿದ, “ಇವತ್ತು ಹೊಸದಾಗಿ ಏನೂ ಹೇಳೋ ಹಾಗಿಲ್ಲ. ಮೇಡಂ ಬ್ರೇಕ್ ಹಾಕಿದ್ರು, ವ್ಯಾನಿನವನು ಮುಂಚೆ ಹೊರಟ. ತಪ್ಪು ಇವರಿಬ್ಬರ ನಡುವೆ ಹಂಚಿಹೋಗುತ್ತೆ. ಸರ್ ಮಾತ್ರ ಪ್ರಯಾಣಿಕರು. ಕಾನೂನಿನ ಕಣ್ಣಲ್ಲಿ ಇವರಷ್ಟು ಪರಿಶುದ್ಧ ಇನ್ನೊಬ್ಬರಿಲ್ಲ, ಆಗ ತಾನೇ ಹುಟ್ಟಿದ ಮಗು ಇದ್ದ ಹಾಗೆ. ಮೇಡಂ ತಪ್ಪು ಜಾಸ್ತಿ ಆದಷ್ಟೂ ಸರ್‌ಗೆ ಒಳ್ಳೇದು, ಯಾಕಂದ್ರೆ ವ್ಯಾನಿಗೆ ವಿಮೆಯೇ ಇಲ್ಲ, ದುಡ್ಡು ಬರೋದು ಈ ಕಾರಿನ ವಿಮೆಯಿಂದ ಮಾತ್ರ.” ಹೆಂಡತಿಯ ಅಣ್ಣ ಕೇಳಿದ, “ಇವಳ ತಪ್ಪು ಜಾಸ್ತಿ ಅಂತ ಆದ್ರೆ ಕಲಿಸೋಕ್ಕೆ ಬಿಡ್ತಾರಾ?” ವಕೀಲ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. “ಅರ್ಧಕ್ಕಿಂತ ಮೇಲೆ ಹೋದ್ರೆ ಕಲಿಸೋ ಪರವಾನಗಿ ರದ್ದಾಗುತ್ತೆ. ಅದು ಹೋಯ್ತು ಅಂತಲೇ ಇಟ್ಕೊಳ್ಳಿ. ಏನ್ಮಾಡೋಕ್ಕಾಗುತ್ತೆ, ಒಂದು ಕಡೆ ಬಂದ್ರೆ ಒಂದು ಕಡೆ ಹೋಗುತ್ತೆ. ಮನೆಯೊಳಗೇ ಅಲ್ವಾ!” ಮನೆಯೊಳಗೇ ಅಲ್ಲವೇ ಎಂಬ ಮಾತಿಗೆ ಅವನೂ ತಲೆಯಾಡಿಸಿದ. ತಲೆಯಾಡಿಸುವಾಗ ಹೆಂಡತಿ ತನ್ನನ್ನು ನೋಡುತ್ತಿದ್ದಾಳೆ ಅನಿಸಿ ನೀರಿನ ಕ್ಯಾನಿನ ಕಡೆ ತಿರುಗಿ, ಬಾಯಾರಿಕೆ ಇಲ್ಲದಿದ್ದರೂ ಎರಡು ಲೋಟ ಕುಡಿದ. ಅವಳು ಹೇಳಿದ್ದು ಒಂದೇ: “ಒಳಗೆ ಕರೀತಿದಾರೆ, ಬನ್ನಿ.”

ತಪ್ಪು ಹಂಚುವ ಅಧಿಕಾರಿ ಚಿಕ್ಕ ವಯಸ್ಸಿನವನು, ಕ್ರಾಪು ಒತ್ತಿ ಬಾಚಿಕೊಂಡವನು. ಮೇಜಿನ ಮೇಲೆ ಒಂದು ದೊಡ್ಡ ಹಾಳೆ, ಅದರಲ್ಲಿ ಬರೆದ ನಾಲ್ಕು ರಸ್ತೆ, ಅದರ ಮೇಲೆ ಮಕ್ಕಳು ಆಡುವ ಎರಡು ಪುಟಾಣಿ ಗಾಡಿ. ಕೆಂಪು ಕಾರು ಹೆಂಡತಿಯದು, ನೀಲಿ ಲಾರಿ ವ್ಯಾನಿನದು. ವ್ಯಾನಿನ ಗೊಂಬೆ ಸಿಗಲಿಲ್ಲವೆಂದು ಕ್ಷಮೆ ಕೇಳಿದ. ಅಧಿಕಾರಿ ಕೆಂಪು ಕಾರನ್ನು ಬೆರಳಿನಿಂದ ಮೆಲ್ಲಗೆ ನೂಕುತ್ತ ನಡುವೆ ತಂದು ನಿಲ್ಲಿಸಿದ. “ಇಲ್ಲಿ. ಇಲ್ಲಿ ನಿಂತ್ರಿ. ಅಲ್ವಾ ಮೇಡಂ?” “ಹೌದು.” “ಯಾಕೆ ನಿಂತ್ರಿ?” “ಗಾಬರಿಯಾಯ್ತು.” “ಎಷ್ಟು ವರ್ಷದಿಂದ ಕಲಿಸ್ತಿದೀರಿ?” “ಹದಿನಾರು.” “ಹದಿನಾರು ವರ್ಷದಲ್ಲಿ ಹೀಗೆ ಎಷ್ಟು ಸಲ ಗಾಬರಿಯಾಗಿದೆ?” ಅಧಿಕಾರಿ ಒರಟಾಗೇನೂ ಕೇಳುತ್ತಿರಲಿಲ್ಲ, ಬಲು ಮರ್ಯಾದೆಯಿಂದಲೇ ಕೇಳುತ್ತಿದ್ದ, ಹಲ್ಲು ಕೀಳುವ ಮುಂಚೆ ನೋಯುತ್ತಾ ಎಂದು ಕೇಳುವ ಹಾಗೆ. “ವಿದ್ಯಾರ್ಥಿಗಳಿಗೆ ಏನು ಹೇಳಿಕೊಡ್ತೀರಿ, ಇಂಥ ಜಾಗದಲ್ಲಿ?” “ನಿಲ್ಲಬೇಡಿ, ದಾಟಿ ಹೋಗಿ ಅಂತ.” “ಸರಿ” ಎಂದು ಬರೆದುಕೊಂಡ. ಅವಳ ಕಿವಿ ಕೆಂಪಾಗಿತ್ತು. ಬೆನ್ನು ಮಾತ್ರ ಕಾರಿನಲ್ಲಿ ಕೂತ ಹಾಗೆ ನೆಟ್ಟಗೇ ಇತ್ತು. ಹೇಳಬೇಕು, ಈಗ ಹೇಳಲೇಬೇಕು ಎಂದು ಒಳಗಿನಿಂದ ಯಾರೋ ತಿವಿದರು. ತಿವಿದವರಿಗೆ ಅವನು ಎಂದಿನಂತೆ, ಇದು ನಮ್ಮ ವಿಭಾಗಕ್ಕೆ ಬರುವುದಿಲ್ಲ ಎಂದು ಉತ್ತರ ಕೊಟ್ಟ. ಹೀಗೇ ಕೂತಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಎಲ್ಲ ಸುಸೂತ್ರವಾಗಿ ಮುಗಿದುಹೋಗುತ್ತಿತ್ತು. ಅಧಿಕಾರಿ ಅವನ ಕಡೆ ತಿರುಗಿದ್ದೇ ಎಡವಟ್ಟಾಯಿತು.

“ಸರ್, ನಿಮ್ಮದು ಸುಲಭ” ಎಂದ ಅಧಿಕಾರಿ. “ನಿಮಗೆ ಗೊಂಬೆಯೇ ಇಟ್ಟಿಲ್ಲ ನೋಡಿ. ತಪ್ಪಿನ ಲೆಕ್ಕದಲ್ಲಿ ನೀವು ಬರೋದೇ ಇಲ್ಲ. ಕಾರಲ್ಲಿ ಒಂದು ಸೂಟ್‌ಕೇಸ್ ಇತ್ತು ಅಂದ್ಕೊಳ್ಳಿ, ಅದು ಬ್ರೇಕ್ ಹಾಕುತ್ತಾ, ಬಿಡುತ್ತಾ? ನಿಮ್ಮದು ಸೊನ್ನೆ.” ವಕೀಲ ಹರ್ಷದಿಂದ ತೊಡೆ ತಟ್ಟಿಕೊಂಡ. ಹೆಂಡತಿಯ ಅಣ್ಣ ಸಣ್ಣಗೆ ನಕ್ಕ. ಆ ನಗು ಅವನಿಗೆ ಹೊಸದಾಗಿರಲಿಲ್ಲ. ಹೆಣ್ಣು ನೋಡಲು ಹೋದ ದಿನದಿಂದ ಅದನ್ನು ಕಂಡಿದ್ದ. ಸೂಟ್‌ಕೇಸು! ಕಚೇರಿಯಲ್ಲಿ ಸಾಹೇಬರು ಮೀಟಿಂಗಿಗೆ ಕರೆಯುವುದನ್ನು ಮರೆಯುವ ನೌಕರ, ಮನೆಯಲ್ಲಿ ಕರೆಂಟು ಹೋದರೂ ಹೆಂಡತಿಯೇ ಫ್ಯೂಸು ಹಾಕುವಾಗ ಟಾರ್ಚು ಹಿಡಿಯುವ ಯಜಮಾನ, ಈಗ ಕಾನೂನಿನ ಪ್ರಕಾರವೇ ಸೊನ್ನೆ, ರುಜು ಮೊಹರಿನ ಸಮೇತ. ತಲೆ ಒಡೆಸಿಕೊಂಡು, ಮೂಗು ಕಳೆದುಕೊಂಡು, ಇಷ್ಟು ದೊಡ್ಡ ಅನಾಹುತದ ನಡುವೆ ಕೂತಿದ್ದೂ ಅವನ ಪಾಲಿಗೆ ಕಡಲೆಕಾಳಿನಷ್ಟು ತಪ್ಪೂ ಇಲ್ಲವೇ? ಹೆಂಡತಿಯ ಕೆಂಪಾದ ಕಿವಿ ಮಾಡಲಾಗದ್ದನ್ನು ಆ ಸೂಟ್‌ಕೇಸು ಮಾಡಿತು. “ಬ್ರೇಕು ಒತ್ತಿದ್ದು ನಾನು” ಎಂದ. ದನಿ ಅವನೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. “ಆ ಕಾರಿಗೆ ಎರಡು ಬ್ರೇಕಿವೆ. ಪಕ್ಕದಲ್ಲಿ ಕೂತವರ ಕಾಲ ಹತ್ತಿರ ಒಂದಿದೆ. ನಾನು ಒತ್ತಿದೆ. ಇವಳು ಒತ್ತಲಿಲ್ಲ. ಇವಳು ಹಾಗೇ ದಾಟಿಹೋಗ್ತಿದ್ಲು. ನಾನು ಇಲ್ಲದಿದ್ರೆ ಅಪಘಾತವೇ ಆಗ್ತಿರಲಿಲ್ಲ!” ಕೊನೆಯ ವಾಕ್ಯದಲ್ಲಿ ಒಂದು ಬಗೆಯ ಹೆಮ್ಮೆ ಇಣುಕಿದ್ದು ಅವನ ಕಿವಿಗೇ ಬಿತ್ತು. ಆದರೂ ಎದೆಯ ಮೇಲಿಂದ ಬಂಡೆ ಇಳಿದ ಹಾಗಾಗಿ, ಮೂರು ತಿಂಗಳಲ್ಲಿ ಮೊದಲ ಸಲ ಹೆಂಡತಿಯ ಮುಖವನ್ನು ನೇರವಾಗಿ ನೋಡಿದ. ಅವಳು ಮೇಜಿನ ಮೇಲಿನ ಕೆಂಪು ಕಾರನ್ನು ನೋಡುತ್ತಿದ್ದಳು.

ವಕೀಲನ ಮುಖದಿಂದ ಬೆವರೂ ಇಂಗಿಹೋಗಿತ್ತು. ಅಧಿಕಾರಿ ಮಾತ್ರ ಒಂದಿಷ್ಟೂ ಬೆಚ್ಚದೆ ಫೈಲಿನ ಹಾಳೆ ತಿರುವಿದ. “ಪೊಲೀಸರ ಹತ್ರ ಚಕ್ಕಳಮಕ್ಕಳ ಹಾಕಿ ಕೂತಿದ್ದೆ ಅಂದಿದೀರಿ.” “ಅದು ಸುಳ್ಳು.” “ಡಾಕ್ಟರ ಹತ್ರ ಅಮೋನಿಯ ಕೂಡ ಗೊತ್ತಾಗಲಿಲ್ಲ ಅಂದಿದೀರಿ. ಕಣ್ಣಲ್ಲಿ ನೀರು ಸುರೀತಿತ್ತು, ರೋಗಿ ನಿರಾಕರಿಸಿದರು ಅಂತ ಬರೆದಿದಾರೆ.” “ಅದೂ... ಅದೊಂದು ಸುಳ್ಳು. ಮಿಕ್ಕ ಸೀಸೆ ಎಲ್ಲ ನಿಜ.” “ಸರ್,” ಅಧಿಕಾರಿ ಪೆನ್ನು ಕೆಳಗಿಟ್ಟು ಕನಿಕರದಿಂದಲೇ ಹೇಳಿದ, “ಹೆಂಡತಿ ಕೆಲಸ ಉಳಿಸೋಕ್ಕೆ ಗಂಡಂದಿರು ಹೀಗೆ ಮುಂದೆ ಬರೋದು ನನಗೆ ಹೊಸದಲ್ಲ. ತಪ್ಪು ತಿಳ್ಕೋಬೇಡಿ, ಒಳ್ಳೆ ಮನಸ್ಸು. ಆದ್ರೆ ನೀವು ಹೇಳಿದ್ದು ಯಾವುದು ಅಂತ ನಂಬ್ಲಿ? ಮೇಡಂ, ನೀವೇ ಹೇಳಿ. ನೀವು ಏನು ಹೇಳಿದ್ರೂ ಬರ್ಕೋತೀನಿ. ಅವತ್ತು ಇವರು ಬ್ರೇಕ್ ಒತ್ತಿದ್ರಾ?” ಅವಳು ಈಗ ಹೌದೆಂದರೆ ಸಾಕು. ಒಂದೇ ಮಾತು, ಕೀಲಿ ವಾಪಸು ಕೈಗೆ ಬರುತ್ತದೆ, ಫೋನು ಬೇರೆಯವರ ಪಾಲಾಗುತ್ತದೆ. ಹೇಳೇ, ಹೇಳು ಎಂದು ಅವನು ಒಳಗೊಳಗೇ ಅವಳನ್ನು ಅಂಗಲಾಚಿದ, ಅವಳ ಸಲುವಾಗಿ, ಹೌದು, ಆ ಕ್ಷಣಕ್ಕೆ ನಿಜವಾಗಿಯೂ ಅವಳ ಸಲುವಾಗಿ. ಅವಳು ಸೆರಗು ಸರಿಮಾಡಿಕೊಂಡಳು. “ಇಲ್ಲ ಸರ್. ಇವರಿಗೆ ಅಲ್ಲೊಂದು ಬ್ರೇಕಿದೆ ಅಂತ ಆಮೇಲೆ ಗೊತ್ತಾಗಿದ್ದು. ನಾನೇ ಹಾಕಿದ್ದು. ನನ್ನ ಹೇಳಿಕೇಲಿ ಬದಲಾವಣೆ ಇಲ್ಲ.” ಅಧಿಕಾರಿ ಬರೆದುಕೊಂಡ. ತಪ್ಪಿನಲ್ಲಿ ನೂರಕ್ಕೆ ವ್ಯಾನಿನವನದು ಮೂವತ್ತು, ಮೇಡಂದು ಎಪ್ಪತ್ತು, ಪ್ರಯಾಣಿಕ ಸೊನ್ನೆ. ಮೂಗಿಗೆ ಎಷ್ಟೆಂಬುದನ್ನು ಇನ್ನೊಬ್ಬ ಡಾಕ್ಟರು ನೋಡಿ ಹೇಳುತ್ತಾರಂತೆ.

ಹೊರಗೆ ಬಂದ ಮೇಲೆ ವಕೀಲ ಅವನ ಎರಡೂ ಕೈ ಹಿಡಿದು ಕುಲುಕಿದ. “ಜೀವ ಬಾಯಿಗೆ ಬಂದಿತ್ತು ಸರ್! ಆದ್ರೂ ಒಳ್ಳೇದೇ ಆಯ್ತು, ಅವನ ಮನಸ್ಸು ಕರಗಿತು.” ಹೆಂಡತಿಯ ಅಣ್ಣ, ಇಷ್ಟು ವರ್ಷದಲ್ಲಿ ಒಮ್ಮೆಯೂ ಮುಟ್ಟದವನು, ಅವನ ಹೆಗಲ ಮೇಲೆ ಕೈಯಿಟ್ಟು, “ಭಾವ, ನಿಮ್ಮನ್ನ ನಾನು ಏನೋ ಅಂದ್ಕೊಂಡಿದ್ದೆ. ಅವಳಿಗೋಸ್ಕರ ಅಷ್ಟು ದೊಡ್ಡ ಸುಳ್ಳು ಹೇಳೋಕ್ಕೆ ಹೋದ್ರಲ್ಲ!” ಎಂದು ಗದ್ಗದನಾದ. ಸತ್ಯ ಹೇಳಿ ಸುಳ್ಳನೆನಿಸಿಕೊಂಡು, ಸುಳ್ಳಿಗಾಗಿ ದೊಡ್ಡ ಮನುಷ್ಯನಾಗಿ ಅವನು ಮೆಟ್ಟಿಲಿಳಿದ. ಯಾರೂ ಕಾರಿನಲ್ಲಿ ಬಿಡುತ್ತೇನೆನ್ನಲಿಲ್ಲ. ಅಥವಾ ಅಣ್ಣ ಅಂದನೇನೋ, ಅವಳು ಬೇಡವೆಂದಿರಬೇಕು. ಬಸ್ ನಿಲ್ದಾಣದಲ್ಲಿ ನಾಲ್ಕಾರು ಜನ ನಿಂತಿದ್ದರು. ಚರಂಡಿಯ ಮುಚ್ಚಳ ತೆಗೆದು ಯಾರೋ ಕೆಲಸ ಮಾಡುತ್ತಿದ್ದರು, ಜನ ಮೂಗು ಮುಚ್ಚಿಕೊಂಡಿದ್ದರು, ಅವನೊಬ್ಬ ಮಾತ್ರ ಮುಖ ತೆರೆದುಕೊಂಡು ನಿಂತ. ಸಿಟ್ಟು ಬುಸುಗುಟ್ಟುತ್ತಿತ್ತು. ತಾನು ಜೀವಮಾನದಲ್ಲಿ ಒಮ್ಮೆ ಕೊಟ್ಟದ್ದನ್ನು ಈ ಹೆಂಗಸು ತೆಗೆದುಕೊಳ್ಳಲಿಲ್ಲವಲ್ಲ!

“ಯಾಕೆ ಹಾಗಂದೆ?” ಎಂದು ಕೇಳಿದ. “ನಾನು ನಿಜ ಹೇಳ್ದೆ. ಎಲ್ಲರ ಮುಂದೆ ಹೇಳ್ದೆ. ನೀನು ಹೂಂ ಅಂದಿದ್ರೆ ಇವತ್ತೇ ಕೀಲಿ ಕೈಗೆ ಬರ್ತಿತ್ತು. ನಿನಗೂ ಗೊತ್ತು, ನನಗೂ ಗೊತ್ತು. ನಿನ್ನ ಬ್ರೇಕು ಇಳಿದಾಗ ನೀನು ನನ್ನ ಕಾಲು ನೋಡಿದ್ದನ್ನ ನಾನೂ ನೋಡಿದೀನಿ.”

“ನೋಡಿದ್ರಾ?” ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ; ಯಾವುದೋ ಲೆಕ್ಕ ಸರಿಹೋಗದೆ ಇದ್ದದ್ದು ಈಗ ಸರಿಹೋಯಿತೆಂಬ ಹಾಗೆ ತಲೆಯಾಡಿಸಿದಳು. “ನೀವು ನೋಡಿಲ್ಲ, ನಿಮಗೆ ಗೊತ್ತೇ ಆಗಿಲ್ಲ, ಕಾಲು ತಾನಾಗೇ ಒತ್ತಿರಬೇಕು ಅಂದ್ಕೊಂಡಿದ್ದೆ. ಒಂದೊಂದ್ಸಲ ಗೊತ್ತಿದೆ ಅಂತಲೂ ಅನ್ನಿಸ್ತಿತ್ತು. ದಿನಾ ಕಾಯ್ತಿದ್ದೆ ರೀ. ಊಟ ಮಾಡುವಾಗ, ದೀಪ ಆರಿಸಿದ ಮೇಲೆ, ಇವತ್ತು ಬರ್ತಾ ಬಸ್ಸಿನಲ್ಲೂ. ನೀವು ಬಾಯಿ ತೆಗೆದ್ರಿ, ಈಗ ಹೇಳ್ತೀರಿ ಅಂದ್ಕೊಂಡೆ. ಚಿಲ್ಲರೆ ಇದೆಯಾ ಅಂದ್ರಿ.”

“ಇವತ್ತು ಹೇಳಿದ್ನಲ್ಲ!”

“ಹೇಳಿದ್ರಿ. ಅವನ ಹತ್ರ.” ಅವಳು ರಸ್ತೆಯ ಕಡೆ ನೋಡುತ್ತಿದ್ದಳು, ಕಣ್ಣು ತುಂಬಿದ್ದು ಅವನಿಗೆ ಪಕ್ಕದಿಂದ ಕಾಣುತ್ತಿತ್ತು. “ಆ ಹುಡುಗ ನಿಮ್ಮನ್ನ ಸೂಟ್‌ಕೇಸ್ ಅಂದಿದ್ದಕ್ಕೆ ಹೇಳಿದ್ರಿ. ನನ್ನ ಹತ್ರ ಒಂದು ಸಲ, ಒಂದೇ ಸಲ ಹೇಳಿದ್ರೆ ಸಾಕಿತ್ತು, ಆಮೇಲೆ ಅಲ್ಲಿ ಏನು ಹೇಳ್ಬೇಕು ಅಂತ ಇಬ್ರೂ ಕೂ‌ತು ಯೋಚ್ನೆ ಮಾಡ್ಬಹುದಿತ್ತು. ಕಾರು ಹೋಗಿದ್ದಕ್ಕೆ ನನಗೆ ಸಂಕಟ ಆಗುತ್ತೆ, ಇಲ್ಲ ಅನ್ನಲ್ಲ. ಆದ್ರೆ ನನಗೆ ಹೇಳದೇ ಇದ್ದಿದ್ದನ್ನ ಅವನಿಗೆ ಕೊಟ್ರಲ್ಲ, ಅದನ್ನ ಅವನ ಮೇಜಿಂದ ಎತ್ಕೊಂಡು ಬರೋಕ್ಕೆ ನನಗೆ ಮನಸ್ಸಾಗಲಿಲ್ಲ.” ಪಕ್ಕದಲ್ಲಿ ನಿಂತಿದ್ದ ಮುದುಕನೊಬ್ಬ ಕೇಳಿಸಿಕೊಳ್ಳದವನ ಹಾಗೆ ಕೊಂಚ ದೂರ ಸರಿದ.

ಈಗಲಾದರೂ ಹೇಳಬಹುದಿತ್ತು. ಇಲ್ಲಿ ಅಧಿಕಾರಿ ಇಲ್ಲ, ವಕೀಲ ಇಲ್ಲ, ಬರೆದುಕೊಳ್ಳುವವರಿಲ್ಲ. ಹೇಳಿದರೆ ಬರುವುದೇನೂ ಇಲ್ಲ, ಹೋಗುವುದೂ ಇಲ್ಲ. ಅವಳು ನಿಧಾನವಾಗಿ ಮುಖ ತಿರುಗಿಸಿ ಅವನನ್ನೇ ನೋಡಿದಳು, ಗೇರು ಹಾಕಲು ತಡಕಾಡುವ ವಿದ್ಯಾರ್ಥಿಗೆ ಕಾಯುವ ಹಾಗೆ, ಅವಸರವಿಲ್ಲದೆ. ಅವನ ಗಂಟಲಲ್ಲಿ ಆ ನಾಲ್ಕು ಮಾತುಗಳು ಒಂದರ ಹಿಂದೊಂದು ಬಂದು ನಿಂತವು. ಅವನು ಬಾಯಿ ತೆರೆದ.

“ಬಸ್ಸು ಬಂತು” ಎಂದ.